ಬೆಕ್ಕಿಗೆ ಕನ್ನಡ ಬರುತ್ತದೆಯೇ? ಪರೀಕ್ಷಿಸಬೇಕಾದವರು ಮಕ್ಕಳೇ

ನವೆಂಬರ್ ಸಮೀಪಿಸಿತೆಂದರೆ ಹೈದರಾಬಾದಿನ ಕನ್ನಡ ಸಂಘಗಳಲ್ಲಿ ಮಕ್ಕಳ ಕಾರ್ಯಕ್ರಮದ ತಯಾರಿ ಆರಂಭವಾಗುತ್ತದೆ. ಭಾವಗೀತೆ, ವಚನ ಗಾಯನ, ಕೋಲಾಟ, ಛದ್ಮವೇಷ ಎಲ್ಲವೂ ಇರುತ್ತವೆ. ಮಗು ವೇದಿಕೆಯಿಂದ ಇಳಿದ ಕೂಡಲೇ ಚಪ್ಪಾಳೆ, ಪ್ರಶಸ್ತಿ ಪತ್ರ, ನಂತರ ಊಟ. ಇವೆಲ್ಲ ನಡೆಯಬೇಕಾದದ್ದೇ. ಆದರೆ ಅದೇ ಮಗು ಮನೆಗೆ ಹೋಗಿ ಕಂಪ್ಯೂಟರ್ ತೆರೆದು ಆಟವೊಂದನ್ನು ತಾನೇ ಕಟ್ಟಲು ಕುಳಿತಾಗ ಅಲ್ಲಿ ಕನ್ನಡ ಇದೆಯೇ, ಇದ್ದರೆ ಹೇಗಿದೆ ಎಂದು ವಿಚಾರಿಸುವವರು ವಿರಳ.

ಮಕ್ಕಳಿಗಾಗಿಯೇ ರೂಪುಗೊಂಡ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸ್ಕ್ರ್ಯಾಚ್ ಹೆಸರುವಾಸಿ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು ಸಿದ್ಧಪಡಿಸಿ 2007ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಿತು. ಎಂಟರಿಂದ ಹದಿನಾರು ವರ್ಷದವರು ಇದರ ಮುಖ್ಯ ಬಳಕೆದಾರರು. ಇಲ್ಲಿ ಆದೇಶಗಳನ್ನು ಟೈಪ್ ಮಾಡುವ ಗೊಡವೆ ಇಲ್ಲ. ಬಣ್ಣ ಬಣ್ಣದ ಬ್ಲಾಕ್‌ಗಳನ್ನು ಮೌಸ್‌ನಿಂದ ಎಳೆದು ಒಂದರ ಕೆಳಗೆ ಒಂದು ಜೋಡಿಸಿ, ಹಸಿರು ಬಾವುಟವನ್ನು ಒತ್ತಿದರೆ ಕಿತ್ತಳೆ ಬಣ್ಣದ ಬೆಕ್ಕು ಓಡುತ್ತದೆ, ಕುಣಿಯುತ್ತದೆ, ಮಾತಾಡುತ್ತದೆ. ಅದು ಓಡಾಡುವ ರಂಗದ ಅಗಲ 480, ಎತ್ತರ 360. ನಟ್ಟನಡುವೆ ಸೊನ್ನೆ, ಬಲತುದಿಯಲ್ಲಿ 240, ಎಡತುದಿಯಲ್ಲಿ ಮೈನಸ್ 240. ಗಣಿತದ ಮೇಷ್ಟರು ಹಲಗೆಯ ಮೇಲೆ ಬರೆದು ಬರೆದು ದಣಿಯುವ ಪಾಠವನ್ನು ಬೆಕ್ಕು ಒಂದೇ ಮಧ್ಯಾಹ್ನದಲ್ಲಿ ಕಲಿಸಿಬಿಡುತ್ತದೆ.

ಸ್ಕ್ರ್ಯಾಚ್ ಬೆಳೆದುಬಂದ ಬಗೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಅಂಶವಿದೆ. ಮಗು ಕಟ್ಟಿದ ಆಟವನ್ನು ಬೇರೆಯವರು ಇಂಟರ್ನೆಟ್ ಮೂಲಕ ನೋಡಬೇಕಾದರೆ ಬ್ರೌಸರ್‌ನಲ್ಲಿ ಆ ಆಟವನ್ನು ನಡೆಸುವ ಪ್ಲೇಯರ್ ಒಂದು ಬೇಕು. ಆರಂಭದಲ್ಲಿ ಇದ್ದದ್ದು ಜಾವಾ ಪ್ಲೇಯರ್. ಕೆಲ ವರ್ಷಗಳ ನಂತರ ಫ್ಲ್ಯಾಶ್ ಆಧಾರಿತ ಹೊಸ ಪ್ಲೇಯರ್ ತಯಾರಾಯಿತು. ತಂಡದವರು ಹಳೆಯದನ್ನು ಒಮ್ಮೆಲೇ ಕಿತ್ತುಹಾಕಲಿಲ್ಲ. ಹೊಸದನ್ನು ಪ್ರಾಯೋಗಿಕ ಎಂಬ ಹೆಸರಿನಲ್ಲಿ ಹಳೆಯದರ ಪಕ್ಕದಲ್ಲೇ ಇಟ್ಟು, ಬಳಕೆದಾರರು ಒಂದೇ ಆಟವನ್ನು ಎರಡರಲ್ಲೂ ನಡೆಸಿ ನೋಡಲು ಅವಕಾಶ ಕೊಟ್ಟರು. ಆ ಬಳಕೆದಾರರಲ್ಲಿ ಹೆಚ್ಚಿನವರು ಮಕ್ಕಳೇ.

ಹೀಗೆ ನೋಡುವುದೂ ಒಂದು ವಿದ್ಯೆ. ಹಳೆಯ ಪ್ಲೇಯರ್‌ನಲ್ಲಿ ಗೋಡೆಗೆ ತಗಲಿ ನಿಲ್ಲುವ ಚೆಂಡು ಹೊಸದರಲ್ಲೂ ನಿಲ್ಲುತ್ತದೆಯೇ? ಹಾಡು ಮತ್ತು ಕುಣಿತ ಒಂದೇ ತಾಳದಲ್ಲಿ ಸಾಗುತ್ತವೆಯೇ? ಅಂಕ ಎಣಿಸುವ ಪೆಟ್ಟಿಗೆ ತನ್ನ ಸ್ಥಾನದಲ್ಲೇ ಇದೆಯೇ? ವ್ಯತ್ಯಾಸ ಕಂಡರೆ 'ಸರಿಯಿಲ್ಲ' ಎಂದಷ್ಟೇ ಗೊಣಗಿದರೆ ಯಾರಿಗೂ ಪ್ರಯೋಜನವಿಲ್ಲ. ಯಾವ ಆಟ, ಯಾವ ಬ್ರೌಸರ್, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು, ಮತ್ತೆ ಮಾಡಿದರೆ ಮತ್ತೆ ಹಾಗೆಯೇ ಆಗುತ್ತದೆಯೇ ಎಂಬಿಷ್ಟನ್ನು ಕ್ರಮವಾಗಿ ಬರೆಯಬೇಕು. ಹತ್ತು ವರ್ಷದ ಮಗು ಇದನ್ನು ಕಲಿತರೆ, ಪ್ರೋಗ್ರಾಮಿಂಗ್ ಮರೆತರೂ ಈ ಗುಣ ಬಾಳಿಗೆ ಬರುತ್ತದೆ.

2013ರ ಜನವರಿಯಲ್ಲಿ ಸ್ಕ್ರ್ಯಾಚ್ 2.0 ಪ್ರಾಯೋಗಿಕವಾಗಿ ತೆರೆದು, ಮೇ ತಿಂಗಳಲ್ಲಿ ಪೂರ್ಣರೂಪದಲ್ಲಿ ಬಂದಿತು. ಅದು ಸಂಪೂರ್ಣವಾಗಿ ಫ್ಲ್ಯಾಶ್ ಅನ್ನೇ ನಂಬಿತ್ತು. 2020ರ ಕೊನೆಗೆ ಫ್ಲ್ಯಾಶ್ ನಿಲ್ಲಿಸುವುದಾಗಿ ಅಡೋಬಿ ಸಂಸ್ಥೆ 2017ರಲ್ಲಿ ಪ್ರಕಟಿಸಿತು. ಸ್ಕ್ರ್ಯಾಚ್ ಮತ್ತೆ ಹೊಸ ಅಡಿಪಾಯದ ಮೇಲೆ ನಿಲ್ಲಬೇಕಾಯಿತು. 2018ರ ಆಗಸ್ಟ್ 1ರಂದು 3.0ರ ಪ್ರಾಯೋಗಿಕ ಆವೃತ್ತಿ ಎಲ್ಲರ ಮುಂದೆ ಬಂದಿತು. ಐದು ತಿಂಗಳ ಪರೀಕ್ಷೆಯ ನಂತರ 2019ರ ಜನವರಿ 2ರಂದು ಅದು ಅಧಿಕೃತವಾಯಿತು. ಮೂರು ಅಡಿಪಾಯ ಬದಲಾದರೂ ಮಕ್ಕಳ ಹಳೆಯ ಆಟಗಳು ಬಹುಮಟ್ಟಿಗೆ ಉಳಿದುಕೊಂಡವು. ಪ್ರತಿ ತಿರುವಿನಲ್ಲೂ ಸಾವಿರಾರು ಕಣ್ಣುಗಳು ಪರೀಕ್ಷಿಸಿದ್ದೇ ಇದಕ್ಕೆ ಒಂದು ಮುಖ್ಯ ಕಾರಣ.

ಈ ಕಣ್ಣುಗಳಲ್ಲಿ ಕನ್ನಡದ ಕಣ್ಣುಗಳು ಎಷ್ಟಿದ್ದವು? ಉತ್ತರ ಹೇಳಲು ಒಂದೇ ಉದಾಹರಣೆ ಸಾಕು. ಹಿಂದಿನ ಸ್ಕ್ರ್ಯಾಚ್‌ನ ಭಾಷೆಗಳ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ ಇರುತ್ತಿತ್ತು. ಕನ್ನಡವೂ ಇತ್ತು. ಆದರೆ ಅಲ್ಲಿ 'ಕನ್ನಡ' ಎಂಬ ಪದ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು 'ಭಾಷೆ-ಹೆಸರು'! ಅನುವಾದದ ಕಡತದಲ್ಲಿ 'ಲಾಂಗ್ವೇಜ್-ನೇಮ್' ಎಂಬ ಸಾಲಿನ ಎದುರು ತಮ್ಮ ಭಾಷೆಯ ಹೆಸರನ್ನು ತುಂಬಬೇಕಿತ್ತು. ಕನ್ನಡದಲ್ಲಿ ಆ ಸೂಚನೆಯೇ ಅನುವಾದವಾಗಿ ಕುಳಿತುಬಿಟ್ಟಿತು. ಅರ್ಜಿಯಲ್ಲಿ 'ಹೆಸರು' ಎಂಬ ಜಾಗದ ಎದುರು 'ಹೆಸರು' ಎಂದೇ ಬರೆದು ಕೊಟ್ಟ ಹಾಗೆ.

ಪುಣ್ಯಕ್ಕೆ ಕೆಲಸ ಮಾಡಿದ ಸ್ವಯಂಸೇವಕರನ್ನು ನಗೆಪಾಟಲು ಮಾಡುವುದು ಇಲ್ಲಿನ ಉದ್ದೇಶವಲ್ಲ. ಬಿಡುವಿನ ಸಮಯದಲ್ಲಿ ನೂರಾರು ಸಾಲು ಅನುವಾದಿಸಿದವರಿಗೆ ಕನ್ನಡಿಗರು ಕೃತಜ್ಞರಾಗಿರಬೇಕು. ಸಾಲು ಸಾಲಾಗಿ ಕಡತ ನೋಡುವವರಿಗೆ ಆ ಮಾತು ಪರದೆಯ ಮೇಲೆ ಎಲ್ಲಿ ಬರುತ್ತದೆಂದು ತಿಳಿಯುವುದು ಕಷ್ಟ. ದೋಷ ಇರುವುದು ನಂತರದ ಹಂತದಲ್ಲಿ. ಕೋಟಿಗಟ್ಟಲೆ ಕನ್ನಡಿಗರಿದ್ದೂ 'ಭಾಷೆ-ಹೆಸರು' 2.0ರ ಪಟ್ಟಿಯಲ್ಲೂ ಹಾಗೆಯೇ ಮುಂದುವರಿಯಿತು. ಒಬ್ಬ ವಿದ್ಯಾರ್ಥಿ ಆ ಪಟ್ಟಿ ತೆರೆದು, ನೋಡಿ, ಎರಡು ಸಾಲು ಬರೆದು ತಿಳಿಸಿದ್ದರೆ ಸರಿಹೋಗಬಹುದಾಗಿದ್ದ ತಪ್ಪು ಅದು.

2019ರಲ್ಲಿ 3.0 ಹೊರಬಂದಾಗ ಅದರ ಪಟ್ಟಿಯಲ್ಲಿ ಕನ್ನಡ ಕಾಣಲಿಲ್ಲ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಸ್ಕ್ರ್ಯಾಚ್ ಅನುವಾದ ನಡೆಯುವುದು ಟ್ರಾನ್ಸಿಫೆಕ್ಸ್ ಎಂಬ ಜಾಲತಾಣದಲ್ಲಿ, ಸ್ವಯಂಸೇವಕರಿಂದ. ದುಡಿಯುವ ಜನ ಇರುವ ಭಾಷೆ ಪಟ್ಟಿಯೊಳಗೆ ಬರುತ್ತದೆ, ಇಲ್ಲದ ಭಾಷೆ ಹೊರಗೆ ಉಳಿಯುತ್ತದೆ. ಒಡಿಯಾ ಆ ಪಟ್ಟಿ ಸೇರಿತು. ಸ್ಕ್ರ್ಯಾಚ್‌ನ ದಾಯಾದಿಯಂತಿರುವ, ಬರ್ಕ್ಲಿ ವಿಶ್ವವಿದ್ಯಾಲಯದ ಸ್ನ್ಯಾಪ್ ಎಂಬ ಭಾಷೆಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿದೆ. ಅಲ್ಲಿ ಆಗಿದ್ದು ಇಲ್ಲಿ ಆಗದೆ ಇರಲು ಕಾರಣವಿಲ್ಲ.

ಈ ಕೆಲಸ ಹೈದರಾಬಾದಿನ ಸಂಘಗಳಿಗೆ ಯಾಕೆ ಎಂದು ಸದಸ್ಯರು ಕೇಳಬಹುದು. ಬೆಂಗಳೂರಿನಲ್ಲಿ ಇಂಜಿನಿಯರುಗಳಿಗೆ ಬರವೇ? ಬರವಿಲ್ಲ. ಆದರೆ ಹೊರನಾಡಿನ ಮಗುವಿನ ಕಷ್ಟ ಹೊರನಾಡಿನವರಿಗೇ ಗೊತ್ತು. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯಗೊಳಿಸುವ ಕಾನೂನು 2018ರಲ್ಲಿ ಜಾರಿಗೆ ಬಂದಿತು. ಇರುವ ನೆಲದ ಭಾಷೆಯನ್ನು ಮಗು ಕಲಿಯುವುದು ಸರಿಯಾದದ್ದೇ. ತೆಲುಗು, ಹಿಂದಿ, ಇಂಗ್ಲಿಷ್ ಎಂಬ ಮೂರು ಲಿಪಿಗಳ ನಡುವೆ ಹೆಚ್ಚಿನ ಮನೆಗಳಲ್ಲಿ ಕನ್ನಡ ನಾಲಗೆಯ ಮೇಲಷ್ಟೇ ಉಳಿದಿದೆ. ಅಜ್ಜಿಯೊಡನೆ ಸರಾಗವಾಗಿ ಮಾತನಾಡುವ ಹುಡುಗಿ ಅಜ್ಜಿಯ ಪತ್ರ ಓದಲಾರಳು. ಕಾಚಿಗುಡದ ನೃಪತುಂಗ ಶಾಲೆಯಂತಹ ಸಂಸ್ಥೆಗಳನ್ನು ಹಿರಿಯರು ಕಟ್ಟಿದ್ದು ಈ ಅಂತರ ತುಂಬಲೆಂದೇ. ಆದರೆ ನಗರ ಮಿಯಾಪುರ, ಗಚ್ಚಿಬೌಲಿಯವರೆಗೆ ಬೆಳೆದಿರುವಾಗ ಎಲ್ಲ ಮಕ್ಕಳೂ ಕಾಚಿಗುಡಕ್ಕೆ ಬರಲಾರರು. ಇಂತಹ ಮಗುವಿಗೆ 'ನಡೆ', 'ತಿರುಗು', 'ಹೇಳು' ಎಂಬ ಮೂರು ಬ್ಲಾಕುಗಳು ಅಕ್ಷರಮಾಲೆಯ ಪುಸ್ತಕಕ್ಕಿಂತ ಬೇಗ ಓದು ಕಲಿಸಬಲ್ಲವು. ಓದಿದ ಪದ ತಕ್ಷಣ ಕೆಲಸ ಮಾಡಿ ತೋರಿಸುತ್ತದೆ. ತಪ್ಪಾಗಿ ಓದಿದರೆ ಬೆಕ್ಕು ಬೇರೆ ದಿಕ್ಕಿಗೆ ಹೋಗುತ್ತದೆ.

ಮುಂದೆ ಹೇಗೂ ಇಂಗ್ಲಿಷಿನಲ್ಲೇ ಪ್ರೋಗ್ರಾಂ ಬರೆಯಬೇಕಲ್ಲ, ಈಗ ಕನ್ನಡ ಏಕೆ ಎಂಬ ವಾದವೂ ಕೇಳಿಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಸ್ಕ್ರ್ಯಾಚ್‌ನಲ್ಲಿ ಭಾಷೆ ಬದಲಿಸಲು ಒಂದು ಕ್ಲಿಕ್ ಸಾಕು. ಅದೇ ಆಟ, ಅದೇ ಬಣ್ಣ, ಅದೇ ಜೋಡಣೆ, ಪದ ಮಾತ್ರ ಬೇರೆ. ಕನ್ನಡದಲ್ಲಿ ಅರ್ಥವಾದ ತರ್ಕ ಇಂಗ್ಲಿಷಿಗೆ ಹೋದರೆ ಕರಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಲ್ಲೇ ಕೋಡಿಂಗ್ ಚಟುವಟಿಕೆ ಇರಬೇಕೆಂದು ಹೇಳಿದೆ. ಮಾತೃಭಾಷೆಯಲ್ಲಿ ಕಲಿಕೆಗೂ ಅದೇ ನೀತಿ ಒತ್ತು ಕೊಟ್ಟಿದೆ. ಎರಡೂ ಕೂಡುವ ಜಾಗ ಇಂತಹ ಬ್ಲಾಕುಗಳೇ.

ಸಂಘಗಳು ಮಾಡಬಹುದಾದದ್ದು ಕಷ್ಟದ ಕೆಲಸವಲ್ಲ. ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ, ನಾಲ್ಕೈದು ಲ್ಯಾಪ್‌ಟಾಪ್, ಒಂದು ಇಂಟರ್ನೆಟ್ ಸಂಪರ್ಕ. ಮಾಹಿತಿ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವ ಸದಸ್ಯರು ಯಂತ್ರದ ಹೊಣೆ ಹೊರಲಿ, ಕನ್ನಡ ಮೇಷ್ಟರು, ಸಾಹಿತ್ಯಾಸಕ್ತ ಹಿರಿಯರು ಪದಗಳ ಹೊಣೆ ಹೊರಲಿ. ಪರೀಕ್ಷೆ ಮಾತ್ರ ಮಕ್ಕಳದು. ಬೆಕ್ಕಿನ ಮಾತಿನ ಗುಳ್ಳೆಯಲ್ಲಿ 'ಅಜ್ಜ' ಎಂದು ಬರೆದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ? ಉದ್ದದ ಕನ್ನಡ ಪದ ಬ್ಲಾಕಿನಲ್ಲಿ ಹಿಡಿಯುತ್ತದೆಯೇ? ಲ್ಯಾಪ್‌ಟಾಪ್‌ನಲ್ಲಿ ಸರಿ ಕಂಡದ್ದು ಟ್ಯಾಬ್ಲೆಟ್‌ನಲ್ಲೂ ಸರಿ ಕಾಣುತ್ತದೆಯೇ?

ಪದಗಳ ವಿಚಾರದಲ್ಲಂತೂ ಹಿರಿಯರ ಪಾಂಡಿತ್ಯಕ್ಕೆ ಮಕ್ಕಳೇ ಒರೆಗಲ್ಲು. 'ಒಂದು ಸೆಕೆಂಡ್ ಕಾಯಿ' ಎಂಬ ಬ್ಲಾಕ್ ಕಂಡ ಮಗು ತೆಂಗಿನಕಾಯಿ ನೆನೆಸಿಕೊಂಡರೆ ತಪ್ಪು ಮಗುವಿನದಲ್ಲ. ಷರತ್ತಿನ ಬ್ಲಾಕಿನಲ್ಲಿ 'ಆದರೆ' ಎಂದು ಬರೆದರೆ ಕೆಲವರಿಗೆ ಅದು 'ಹಾಗಾದಲ್ಲಿ', ಕೆಲವರಿಗೆ 'ಆದರೂ' ಎಂಬಂತೆ ಕೇಳೀತು. 'ಪುನರಾವರ್ತಿಸು' ಎಂಬುದು ಚೆಂದದ ಪದ, ಆದರೆ ಎಂಟು ವರ್ಷದವನಿಗೆ 'ಹತ್ತು ಸಲ ಮಾಡು' ಎಂದರೆ ಸಾಕು. ಇಂಗ್ಲಿಷಿನಲ್ಲಿ ಮೊದಲು ಕ್ರಿಯೆ, ಆಮೇಲೆ ಸಂಖ್ಯೆ. ಕನ್ನಡದಲ್ಲಿ 'ಹತ್ತು ಹೆಜ್ಜೆ ನಡೆ', ಕ್ರಿಯೆ ಕೊನೆಗೆ. ಸಂಖ್ಯೆಯ ಖಾಲಿ ಜಾಗವೂ ಅದಕ್ಕೆ ತಕ್ಕಂತೆ ಮುಂದೆ ಬರಬೇಕು. ಇಂತಹ ಸೂಕ್ಷ್ಮಗಳು ಸಮಿತಿ ಸಭೆಯಲ್ಲಿ ತೀರ್ಮಾನವಾಗುವುದಿಲ್ಲ. ಬೀದರ್ ಕಡೆಯ ಮನೆಯ ಮಗುವನ್ನೂ ಮೈಸೂರು ಕಡೆಯ ಮನೆಯ ಮಗುವನ್ನೂ ಒಂದೇ ಪರದೆಯ ಮುಂದೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಅಂತಹ ಜೋಡಿ ಹೈದರಾಬಾದಿನ ಸಂಘಗಳಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಡೆ ಸಿಗಲಾರದು.

ಒಂದು ಎಚ್ಚರಿಕೆ ಅಗತ್ಯ. ಜಾಲತಾಣದಲ್ಲಿ ಮಕ್ಕಳ ನಿಜ ಹೆಸರು, ಶಾಲೆ, ಫೋಟೋ ಹಾಕಬಾರದು. ಕಂಡ ದೋಷಗಳನ್ನು ಮಕ್ಕಳು ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಲಿ. ಹಿರಿಯರೊಬ್ಬರು ಅದನ್ನು ಅನುವಾದಿಸಿ ಸಂಬಂಧಪಟ್ಟ ತಂಡಕ್ಕೆ ಕಳುಹಿಸಲಿ. ಉತ್ತರ ಬರುವುದು ತಡವಾಗಬಹುದು. ಉತ್ಸಾಹ ಎರಡು ಭಾನುವಾರಕ್ಕೆ ಮುಗಿಯದಂತೆ ನೋಡಿಕೊಳ್ಳುವ ಹೊಣೆ ಕಾರ್ಯಕಾರಿ ಸಮಿತಿಯದು.

ಮುಂದಿನ ರಾಜ್ಯೋತ್ಸವದಲ್ಲಿ ಹಾಡು, ಕೋಲಾಟಗಳ ನಡುವೆ ಹತ್ತು ನಿಮಿಷ ಈ ಮಕ್ಕಳಿಗೂ ಮೀಸಲಾಗಲಿ. ತಾವು ಕಟ್ಟಿದ ಆಟ ತೋರಿಸಲಿ, ಹಿಡಿದ ತಪ್ಪುಗಳ ಪಟ್ಟಿಯನ್ನೂ ಓದಲಿ. ತಪ್ಪು ಹಿಡಿದ ಮಗುವಿಗೆ ಪ್ರಶಸ್ತಿ ಕೊಡುವ ಸಂಪ್ರದಾಯ ಕನ್ನಡ ಸಂಘಗಳಲ್ಲಿ ಹೊಸದು. 'ಭಾಷೆ-ಹೆಸರು' ಎಂದಿದ್ದ ಜಾಗದಲ್ಲಿ 'ಕನ್ನಡ' ಎಂದು ಬರೆಸುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.