ಒಂದೇ ಮೇಜು, ಎರಡು ಕಚೇರಿ

ಕಳೆದ ಬೇಸಿಗೆಯಲ್ಲಿ ಹಿರೇವಡ್ಡಟ್ಟಿಯ ಅಕ್ಕನ ಮನೆಗೆ ಹೋಗಿದ್ದಾಗ ಕಂಡ ಮೊದಲ ದೃಶ್ಯ ಇದು: ಅಕ್ಕನ ಸೊಸೆ ಅಡುಗೆಮನೆಯ ಮೂಲೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕತ್ತು ಬಗ್ಗಿಸಿ ಕೆಲಸ ಮಾಡುತ್ತಿದ್ದಳು. ನಡುಮನೆಯಲ್ಲಿ ಒಳ್ಳೆಯ ಮೇಜಿತ್ತು. ಅದರ ಮೇಲೆ ಇಪ್ಪತ್ನಾಲ್ಕು ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲವೂ ಇದ್ದವು. ಕುರ್ಚಿ ಖಾಲಿಯಿತ್ತು.

"ಯಾಕವಾ, ಮೇಜು ಖಾಲಿ ಐತೆಲ್ಲಾ?" ಎಂದೆ.

"ಅದು ಅವರ್ದು ಖಾಲಾ" ಎಂದಳು.

ಅಕ್ಕನ ಮಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯ ಉದ್ಯೋಗಿ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಲಾಕ್‌ಡೌನ್ ಬಿದ್ದಾಗ ಊರಿಗೆ ಬಂದವನು, ಆ ಮೇಜನ್ನು ಮುಂಡರಗಿಯಲ್ಲಿ ಮಾಡಿಸಿಕೊಂಡ. ಆಮೇಲೆ ಎಷ್ಟೋ ಕಂಪೆನಿಗಳು ತಮ್ಮವರನ್ನು ವಾಪಸು ಕರೆಸಿಕೊಂಡರೂ ಇವನ ತಂಡಕ್ಕೆ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಮುಂದುವರಿಯಿತು. ಮದುವೆಯಾಗಿ ಬಂದ ಸೊಸೆ ಹುಬ್ಬಳ್ಳಿಯ ಒಂದು ಕಚೇರಿಗಾಗಿ ಆಸ್ಪತ್ರೆ ಬಿಲ್ಲುಗಳ ಲೆಕ್ಕ ತಾಳೆ ನೋಡುತ್ತಾಳೆ. ಅವಳದು ಬೆಳಿಗ್ಗೆ ಎಂಟರಿಂದ ಐದು. ಅವನ ಗಿರಾಕಿಗಳು ಇಂಗ್ಲೆಂಡಿನವರಾದ್ದರಿಂದ ಅವನ ಕೆಲಸ ಮಧ್ಯಾಹ್ನ ಒಂದೂವರೆಗೆ ಶುರು. ಅಂದರೆ ಅರ್ಧ ದಿನ ಮೇಜು ಸುಮ್ಮನೆ ಬಿದ್ದಿರುತ್ತಿತ್ತು, ಅವಳ ಕತ್ತು ನೋಯುತ್ತಿತ್ತು.

ಅವನು ಕೆಟ್ಟ ಹುಡುಗನಲ್ಲ. "ಕೂತ್ಕೋ ಅಂತ ನಾನೇ ಹೇಳೇನಿ ಖಾಲಾ" ಎಂದ. ಹೇಳಿದ್ದು ನಿಜ. ಆದರೆ ಅವಳು ಕೂರಬೇಕಾದರೆ ಮೇಜಿನ ಕೆಳಗೆ ತೂರಿ ಅವನ ವಯರುಗಳನ್ನು ಕಿತ್ತು ತನ್ನದಕ್ಕೆ ಸಿಕ್ಕಿಸಬೇಕು, ಒಂದೂವರೆಗೆ ಮತ್ತೆ ಅದೇ ಕಸರತ್ತು. ಮೊದಲ ಕೆಲವು ತಿಂಗಳು ಹಾಗೆಯೇ ಮಾಡಿದಳಂತೆ. ಕಿತ್ತು ಹಾಕಿ ಕಿತ್ತು ಹಾಕಿ ಅವಳ ಲ್ಯಾಪ್‌ಟಾಪಿನ ಎಚ್‌ಡಿಎಂಐ ತೂತು ಸಡಿಲವಾಯಿತು. ಕಂಪೆನಿಯ ವಸ್ತು, ಸಂಬಳದಲ್ಲಿ ಹಿಡಿದರೆ? ಆ ಹೆದರಿಕೆಗೆ ಮೇಜನ್ನೇ ಬಿಟ್ಟು ಹಿಟ್ಟಿನ ಡಬ್ಬಿಗೆ ಬಂದಿದ್ದಳು. ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಎರಡು ಲ್ಯಾಪ್‌ಟಾಪ್‌ಗಳಿಗೆ ಒಂದೇ ಮಾನಿಟರ್, ಒಂದೇ ಕೀಬೋರ್ಡ್, ಒಂದೇ ಮೌಸ್ ಸಾಕಾಗುವಂತೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಹುಡುಗ ಮೊದಲು ಅಗ್ಗದ ದಾರಿ ಹಿಡಿದ. ಬಹುತೇಕ ಮಾನಿಟರ್‌ಗಳ ಹಿಂದೆ ವಯರು ಸಿಕ್ಕಿಸಲು ಎರಡು ಜಾಗಗಳಿರುತ್ತವೆ. ಒಂದಕ್ಕೆ ಅವನ ಲ್ಯಾಪ್‌ಟಾಪ್, ಇನ್ನೊಂದಕ್ಕೆ ಅವಳದು. ಯಾವುದರ ಚಿತ್ರ ಬೇಕೋ ಅದನ್ನು ಮಾನಿಟರಿನ ಗುಂಡಿಯಿಂದಲೇ ಆರಿಸಬಹುದು. ಕೀಬೋರ್ಡ್ ಮತ್ತು ಮೌಸ್‌ಗೆ ಸಾವಿರ ರೂಪಾಯಿಯೊಳಗೆ ಸಿಗುವ ಯುಎಸ್‌ಬಿ ಸ್ವಿಚ್ ತರಿಸಿದ. ಅದರ ಗುಂಡಿ ಒತ್ತಿದರೆ ಅವೆರಡೂ ಈ ಲ್ಯಾಪ್‌ಟಾಪಿನಿಂದ ಆ ಲ್ಯಾಪ್‌ಟಾಪಿಗೆ ದಾಟುತ್ತವೆ. ಎರಡು ವಾರ ಎಲ್ಲರಿಗೂ ಖುಷಿ.

ಒಂದು ಬೆಳಿಗ್ಗೆ ಅವಳು ಮಾನಿಟರಿನ ಗುಂಡಿ ಒತ್ತಿದಳು, ಸ್ವಿಚ್ಚಿನ ಗುಂಡಿ ಒತ್ತಲು ಮರೆತಳು. ಪರದೆಯ ಮೇಲೆ ಅವಳ ಲ್ಯಾಪ್‌ಟಾಪ್, ಕೀಬೋರ್ಡ್ ಮಾತ್ರ ಅವನದಕ್ಕೇ ಅಂಟಿಕೊಂಡಿದೆ. ಅವಳು ತನ್ನ ಪಾಸ್‌ವರ್ಡ್ ಟೈಪ್ ಮಾಡಿ ಎಂಟರ್ ಒತ್ತಿದಳು. ಪರದೆಯಲ್ಲಿ ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದಳು. ರಾತ್ರಿ ಅವನು ಲಾಕ್ ಮಾಡದೆ ಬಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಅವನ ತಂಡದ ಸಂದೇಶದ ಪುಟ ತೆರೆದೇ ಇತ್ತು. ಅವಳ ಕಚೇರಿಯ ಪಾಸ್‌ವರ್ಡ್ ಎರಡೆರಡು ಬಾರಿ ಅಲ್ಲಿಗೆ ಹೋಗಿ ಕುಳಿತಿತ್ತು. ಹನ್ನೆರಡು ಮಂದಿ ಓದಬಹುದಾದ ಜಾಗ.

ಅವನು ನೋಡಿದ್ದು ಮಧ್ಯಾಹ್ನ. "ಅಳಿಸಿ ಹಾಕ್ತೀನಿ ಬಿಡು, ಯಾರಿಗೂ ಗೊತ್ತಾಗೂದಿಲ್ಲ" ಎಂದ. ಅವಳು ಒಪ್ಪಲಿಲ್ಲ. ರೋಗಿಗಳ ಹೆಸರು, ಕಾಯಿಲೆ, ಬಿಲ್ಲು ಎಲ್ಲ ಇರುವ ಲೆಕ್ಕ ಅದು. ಆ ಪೆಟ್ಟಿಗೆ ಅವಳ ಬಳಿ ಇರುವ ಅಮಾನತ್ತು. ತಕ್ಷಣ ಪಾಸ್‌ವರ್ಡ್ ಬದಲಿಸಿ, ತನ್ನ ಮೇಲಧಿಕಾರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಎಚ್‌ಡಿಎಂಐ ತೂತು ಸಡಿಲವಾದ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟಳಂತೆ! ಬೈಗುಳ ಒಂದಿಷ್ಟು ಬಿತ್ತು, ಸಂಬಳ ಕಡಿತವಾಗಲಿಲ್ಲ. ಅವನೂ ತನ್ನ ತಂಡಕ್ಕೆ ವಿಷಯ ತಿಳಿಸಬೇಕಾಯಿತು. ಅವನ ಮುಖ ಎರಡು ದಿನ ಸಪ್ಪಗಿತ್ತು ಎಂದು ಅಕ್ಕ ನಗುತ್ತಾ ಹೇಳಿದಳು.

ಆಮೇಲೆ ಬಂದದ್ದು ಕೆವಿಎಂ ಸ್ವಿಚ್. ಕೀಬೋರ್ಡ್, ವಿಡಿಯೊ, ಮೌಸ್ ಎಂಬ ಮೂರು ಪದಗಳ ಮೊದಲಕ್ಷರಗಳು. ಸಾಲುಸಾಲು ಕಂಪ್ಯೂಟರುಗಳಿರುವ ಸರ್ವರ್ ಕೋಣೆಗಳಲ್ಲಿ ಒಬ್ಬನೇ ಕುಳಿತು ಎಲ್ಲವನ್ನೂ ನೋಡಿಕೊಳ್ಳಲೆಂದು ಹುಟ್ಟಿದ ಸಾಧನವಿದು. ಒಂದೇ ಗುಂಡಿಗೆ ಚಿತ್ರವೂ ಕೀಬೋರ್ಡೂ ಒಟ್ಟಿಗೆ ದಾಟುತ್ತವೆ, ಆದ್ದರಿಂದ ಆ ಬೆಳಿಗ್ಗೆಯ ಎಡವಟ್ಟಿಗೆ ಅವಕಾಶ ಕಡಿಮೆ. ಬೆಲೆ ಮೊದಲಿನ ಸ್ವಿಚ್ಚಿನ ಎರಡು-ಮೂರು ಪಟ್ಟು. ಪ್ರತಿ ಲ್ಯಾಪ್‌ಟಾಪಿನಿಂದ ಅದಕ್ಕೆ ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ ವಯರು ಬೇಕು, ಅದರಿಂದ ಮಾನಿಟರಿಗೆ ಇನ್ನೊಂದು. ಪೆಟ್ಟಿಗೆಯೊಳಗೆ ಎಷ್ಟು ವಯರು ಕೊಡುತ್ತಾರೆಂದು ಕೇಳಿಯೇ ಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಸಣ್ಣ ಯುಎಸ್‌ಬಿ-ಸಿ ತೂತು ಮಾತ್ರವಿದ್ದರೆ ಅದರಿಂದ ಚಿತ್ರ ಹೊರಬರುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಎಲ್ಲ ಸಿ ತೂತುಗಳಿಂದಲೂ ಬರುವುದಿಲ್ಲ. ನೋಡಲು ಮಾತ್ರ ಎಲ್ಲವೂ ಒಂದೇ!

ವಯರೇ ಬೇಡ, ಸಾಫ್ಟ್‌ವೇರ್ ಹಾಕಿಕೊಂಡರೆ ಒಂದೇ ಮೌಸ್ ಎರಡೂ ಕಂಪ್ಯೂಟರಿನಲ್ಲಿ ಓಡಾಡುತ್ತದೆ ಎಂದು ಹೇಳುವವರಿದ್ದಾರೆ. ಮೈಕ್ರೊಸಾಫ್ಟ್‌ನ 'ಮೌಸ್ ವಿದೌಟ್ ಬಾರ್ಡರ್ಸ್' ಅಂಥದ್ದು. ಸ್ವಂತ ಕಂಪ್ಯೂಟರುಗಳಿಗೆ ಅದು ಒಳ್ಳೆಯದೇ. ಆದರೆ ಅದು ಕೀಬೋರ್ಡ್ ಮೌಸನ್ನು ಹಂಚುತ್ತದೆ, ಮಾನಿಟರನ್ನಲ್ಲ. ಅಲ್ಲದೆ ಎರಡು ಬೇರೆ ಬೇರೆ ಕಚೇರಿಗಳ ಲ್ಯಾಪ್‌ಟಾಪ್‌ಗಳ ನಡುವೆ ಸೇತುವೆ ಕಟ್ಟಿದ ಹಾಗಾಗುತ್ತದೆ. ಅನೇಕ ಕಚೇರಿಗಳು ಅಂಥವನ್ನು ಹಾಕಲು ಬಿಡುವುದೇ ಇಲ್ಲ. ಕೇಳದೆ ಹಾಕಿಕೊಳ್ಳಬೇಡಿ. ಕೆವಿಎಂ ಪೆಟ್ಟಿಗೆಗೆ ಸಾಫ್ಟ್‌ವೇರ್ ಬೇಕಿಲ್ಲವಾದರೂ, ಅದಕ್ಕೂ ಒಂದು ಮಾತು ಕೇಳಿಕೊಳ್ಳುವುದು ಲೇಸು.

ಈಗ ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಕುರ್ಚಿಯಿಂದ ಏಳುವ ಮೊದಲು ವಿಂಡೋಸ್ ಕೀಲಿಯ ಜೊತೆ ಎಲ್ ಒತ್ತಿ ಲ್ಯಾಪ್‌ಟಾಪ್ ಲಾಕ್ ಮಾಡಬೇಕು, ಆಮೇಲೆ ಪೆಟ್ಟಿಗೆಯ ಗುಂಡಿ. ಲಾಕ್ ಆಗಿದ್ದರೆ ತಪ್ಪಿ ಟೈಪ್ ಮಾಡಿದ್ದೂ ಎಲ್ಲಿಗೂ ಹೋಗದು. ಹೆಡ್‌ಫೋನುಗಳನ್ನು ಪೆಟ್ಟಿಗೆಗೆ ಸಿಕ್ಕಿಸದೆ ತಂತಮ್ಮ ಲ್ಯಾಪ್‌ಟಾಪಿಗೇ ಸಿಕ್ಕಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಒಬ್ಬರು ಗುಂಡಿ ಒತ್ತಿದಾಗ ಇನ್ನೊಬ್ಬರ ಮೀಟಿಂಗಿನ ಧ್ವನಿಯೇ ನಿಂತುಹೋಗುತ್ತದೆ. ಕರೆಂಟು ಹೋದರೆ ಮಾನಿಟರ್ ಕಪ್ಪಾಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ. ಇಂಟರ್‌ನೆಟ್ಟಿನ ಡಬ್ಬಿಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಹಳ್ಳಿಯಲ್ಲಿ ಅರ್ಧ ಚಿಂತೆ ಕಡಿಮೆ.

ಉಳಿದದ್ದು ಒಂದೂವರೆಯಿಂದ ಐದರವರೆಗಿನ ಹೊತ್ತು. ಆಗ ಇಬ್ಬರಿಗೂ ಕೆಲಸ. ಅವನ ಸಂಬಳ ಜಾಸ್ತಿ, ಆದ್ದರಿಂದ ಮೇಜು ಅವನದು ಎಂಬುದು ಯಾರೂ ಬಾಯಿಬಿಟ್ಟು ಹೇಳದೆ ನಡೆದುಬಂದಿದ್ದ ರೂಢಿ. ಒಂದು ದಿನ ಅಕ್ಕ ಇಬ್ಬರ ಪಕ್ಕದಲ್ಲೂ ಕುಳಿತು ನೋಡಿದಳಂತೆ. ಅಕ್ಕನಿಗೆ ಕಂಪ್ಯೂಟರ್ ಬಾರದು. ಆದರೆ ಮಧ್ಯಾಹ್ನವೆಲ್ಲ ಮಗ ಮಾತಾಡುತ್ತಿದ್ದಾನೆ, ಸೊಸೆ ಇಪ್ಪತ್ತು ಕಾಲಮ್ಮಿನ ಲೆಕ್ಕದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದಾಳೆ ಎಂಬುದು ಅವಳಿಗೆ ಕಂಡಿತು.

"ಮಾತಾಡಾಕ ಅಷ್ಟ ದೊಡ್ಡ ಪರದೆ ಯಾಕ ಬೇಕೋ ನಿನಗ?" ಎಂದು ಕೇಳಿದಳು.

ಅವನ ಬಳಿ ಉತ್ತರವಿರಲಿಲ್ಲ. ಈಗ ಐದರವರೆಗೆ ಮೇಜು ಸೊಸೆಯದು. ಅವನಿಗೆ ದೊಡ್ಡ ಪರದೆ ಬೇಕಾದಾಗ ಬಂದು ಕೇಳುತ್ತಾನೆ. ಅವಳು ಲಾಕ್ ಮಾಡಿ, ಗುಂಡಿ ಒತ್ತಿ, ಹತ್ತು ನಿಮಿಷ ಚಹಾ ಕುಡಿದು ಬರುತ್ತಾಳೆ. ನಾನಿದ್ದ ನಾಲ್ಕು ದಿನದಲ್ಲಿ ಅವನು ಎರಡು ಸಲ ಕೇಳಿದ. ಒಂದು ಸಲ ಅವಳು "ಸ್ವಲ್ಪ ತಡೀರಿ, ಈ ಪುಟ ಮುಗೀಲಿ" ಎಂದಳು, ಅವನು ಬಾಗಿಲಲ್ಲಿ ನಿಂತು ಕಾದ.