ಹಳೆಯ ಪೋಲೊಗೆ ಹೊಸ ಟೈರು: ಆಕ್ಷೇಪಗಳಿಗೆ ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ಇಷ್ಟೇ. ಕೆಎ-17 ನಂಬರಿನ ನನ್ನ 2013ರ ಪೋಲೊ ಜಿಟಿ ಟಿಎಸ್‌ಐಗೆ ಕಂಪನಿ ಕೊಟ್ಟಿದ್ದ 185/60 ಆರ್15 ಅಳತೆಯಲ್ಲೇ, ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುವ ನಾಲ್ಕು ಹೊಸ ಟೈರುಗಳನ್ನು ಒಟ್ಟಿಗೆ ಹಾಕಿಸಿದೆ. ದಾವಣಗೆರೆ–ಹರಿಹರದ ನಡುವೆ ಇಂಥ ಹಳೆಯ, ಚುರುಕಾದ ಸಣ್ಣ ಗಾಡಿ ಓಡಿಸುವವರೆಲ್ಲ ಹೀಗೇ ಮಾಡುವುದು ಒಳ್ಳೆಯದು ಎಂದೆ. ಇದಕ್ಕೆ ಬಂದ ಪತ್ರಗಳಲ್ಲಿ ಒಪ್ಪಿದವರು ಕಡಿಮೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಎದುರಾದವರು, ಪಿ.ಬಿ. ರಸ್ತೆಯ ಟೈರ್ ಅಂಗಡಿಯ ಬೆಂಚಿನ ಮೇಲೆ ಕೂತವರು ಎಲ್ಲರೂ ಒಂದೊಂದು ತಕರಾರು ತೆಗೆದರು. ಗಾಡಿಯ ಮೇಲೆ ಅಕ್ಕರೆ ಇಲ್ಲದವರು ಇವರಲ್ಲಿ ಒಬ್ಬರೂ ಇಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಉತ್ತರ ಕೊಡಬೇಕು ಅನ್ನಿಸಿತು.

"ಹನ್ನೆರಡು ವರ್ಷದ ಗಾಡಿ. ಮಾರಿದ್ರ ಏನ್ ಬರ್ತೈತಿ? ಅದಕ್ಕ್ಯಾಕ್ರಿ ಇಷ್ಟು ರೊಕ್ಕ ಸುರೀತೀರಿ?" ಅತಿ ಹೆಚ್ಚು ಕೇಳಿಬಂದ ಮಾತು ಇದು. ಮಾರುವ ಬೆಲೆಗೂ ಟೈರಿಗೂ ಸಂಬಂಧ ಕಟ್ಟಿದ್ದರಲ್ಲೇ ತಪ್ಪಿದೆ. ಗಾಡಿಯ ಬೆಲೆ ಇಳಿದಿದೆ, ಓಟ ಇಳಿದಿಲ್ಲ. ಸುಮಾರು 1,100 ಕಿಲೋ ತೂಕದ ಈ ಗಾಡಿಯಲ್ಲಿ 105 ಅಶ್ವಶಕ್ತಿಯ ಟರ್ಬೊ ಎಂಜಿನ್ ಇದೆ. 1,500 ಸುತ್ತಿಗೇ 175 ನ್ಯೂಟನ್ ಮೀಟರ್ ಎಳೆತ ಸಿಗುತ್ತದೆ. ಹೆಬ್ಬಾಳು ಟೋಲ್ ದಾಟಿ ಕಾಲು ಒತ್ತಿದರೆ ಇವತ್ತಿಗೂ ಹೊಸ ಗಾಡಿಯಂತೆಯೇ ಚಿಮ್ಮುತ್ತದೆ. ಮುದಿಯಾದದ್ದು ಕೆಳಗಿನ ಭಾಗ: ಬುಷ್‌ಗಳು ಸಡಿಲಾಗಿವೆ, ಶಾಕ್ ಅಬ್ಸಾರ್ಬರ್ ಮೆತ್ತಗಾಗಿವೆ. ಓಟ ಹಾಗೇ ಉಳಿದು ಹಿಡಿತ ಕಡಿಮೆಯಾದ ಗಾಡಿಯಲ್ಲಿ ಆ ಕೊರತೆಯನ್ನು ಟೈರೇ ತುಂಬಬೇಕು. ಆದ್ದರಿಂದ ಹಳೆಯ ಗಾಡಿ ಅನ್ನುವುದು ನನ್ನ ವಾದಕ್ಕೇ ಬಲ ಕೊಡುತ್ತದೆ.

ರೊಕ್ಕದ ಮಾತಿಗೂ ಬರೋಣ. ನಾನು ಬಿಟ್ಟ ಅಗ್ಗದ ಟೈರಿಗೂ ತಗೊಂಡ ಟೈರಿಗೂ ನಾಲ್ಕಕ್ಕೆ ಸೇರಿ ಆರು ಸಾವಿರ ವ್ಯತ್ಯಾಸ. ನಲವತ್ತೈದು ಸಾವಿರ ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ ಹದಿಮೂರು ಪೈಸೆ. ಈಗ 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ನಾನು ಕಾದದ್ದು ಆ ದಿನಕ್ಕೇ.

ಎರಡನೆಯ ತಕರಾರಿಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. "ನಿಮ್ಮ ಹಳೇ ಟೈರಿನಲ್ಲಿ ಕಚ್ಚು ಇನ್ನೂ ಅರ್ಧ ಇತ್ತಲ್ಲ, ಅದನ್ನು ಬಿಚ್ಚಿಸಿ ಹಾಳು ಮಾಡಿದಿರಿ" ಎಂದು ಹರಿಹರದ ಹಿರಿಯರೊಬ್ಬರು ಬೇಸರದಿಂದಲೇ ಬರೆದಿದ್ದಾರೆ. ಕಚ್ಚು ಇತ್ತು, ನಿಜ. ಅಳೆಸಿದಾಗ ನಾಲ್ಕು ಮಿಲಿಮೀಟರ್. ಕಾನೂನು ಕೇಳುವುದು 1.6 ಮಿಲಿಮೀಟರ್ ಮಾತ್ರ. ಕಚ್ಚಿನ ತಳದಲ್ಲಿ ಅಡ್ಡಡ್ಡ ಉಬ್ಬಿರುವ ಸಣ್ಣ ದಿಮ್ಮಿಗಳು ಅದನ್ನೇ ತೋರಿಸುತ್ತವೆ. ಆದರೆ ಟೈರಿನ ಪಕ್ಕೆಯ ಮೇಲೆ ಅಚ್ಚಾದ ನಾಲ್ಕು ಅಂಕಿ ಬೇರೆ ಕಥೆ ಹೇಳುತ್ತಿತ್ತು: 2718. ಅಂದರೆ 2018ರ ಇಪ್ಪತ್ತೇಳನೆಯ ವಾರದಲ್ಲಿ ತಯಾರಾದದ್ದು. ಏಳು ಬೇಸಿಗೆ ಕಂಡ ರಬ್ಬರು.

ಈ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಭದ್ರಾ ನಾಲೆಗೆ ನೀರು ಬಿಟ್ಟು ಮಲೇಬೆನ್ನೂರಿನ ಕಡೆ ನಾಟಿ ಜೋರಾಗಿತ್ತು. ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಕೆಸರಿನ ಹೆಂಟೆ ಉದುರಿಸಿಕೊಂಡು ಹೋಗಿದ್ದವು. ಅದರ ಮೇಲೆ ಜಿಟಿಜಿಟಿ ಮಳೆ. ನಾನು ಹರಿಹರಕ್ಕೆ ವಾಪಸು ಬರುತ್ತಿದ್ದೆ. ಐವತ್ತರ ಆಚೀಚೆ ವೇಗ, ಅದಕ್ಕಿಂತ ಹೆಚ್ಚಿರಲಿಲ್ಲ. ತಿರುವಿನಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿ ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿದೆ. ಪೆಡಲ್ ಕಟಕಟ ಎಂದು ಪಾದಕ್ಕೆ ಹೊಡೆಯಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಎಡಕ್ಕೆ ತಿರುಗಿಸಿದರೂ ಮುಖ ನೇರಕ್ಕೇ ಇಟ್ಟುಕೊಂಡು ಜಾರಿತು. ಕೊನೆಗೆ ಎಡಚಕ್ರಗಳು ಪಕ್ಕದ ಮಣ್ಣಿಗಿಳಿದು, ನಾಲೆಯ ಕಲ್ಲಿಗೆ ಒಂದು ಗೇಣು ಇರುವಾಗ ನಿಂತಿತು. ಅಜ್ಜಿ ಎಮ್ಮೆಯ ಕೊರಳಿಗೆ ಕೈಹಾಕಿ ನಿಂತೇ ಇದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಉಗುರಿನಿಂದ ಒತ್ತಿ ನೋಡಿದಾಗ ಟೈರು ಕೊರಡಿನ ಹಾಗಿತ್ತು. ರಬ್ಬರು ರಸ್ತೆಯನ್ನು ಹಿಡಿಯುವುದು ಡಾಂಬರಿನ ಕಣ್ಣಿಗೆ ಕಾಣದ ಉಬ್ಬುತಗ್ಗುಗಳೊಳಗೆ ಇಳಿದು ಕೂರುವುದರಿಂದ. ಬಿಸಿಲು, ಗಾಳಿಯ ಆಮ್ಲಜನಕ, ಓಜೋನ್ ಮೂರೂ ಸೇರಿ ಅದರೊಳಗಿನ ಎಣ್ಣೆಯಂಶವನ್ನು ಒಣಗಿಸುತ್ತವೆ, ಅಣುಗಳ ಕೊಂಡಿಯನ್ನು ಬಿಗಿ ಮಾಡುತ್ತವೆ. ಆಗ ರಬ್ಬರು ಇಳಿಯುವುದನ್ನು ನಿಲ್ಲಿಸಿ ಮೇಲೆಮೇಲೆ ತೇಲುತ್ತದೆ. ಏಪ್ರಿಲ್–ಮೇನಲ್ಲಿ ಮೂವತ್ತೆಂಟು, ನಲವತ್ತು ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ, ನೆರಳಿಲ್ಲದ ಕಡೆ ದಿನವಿಡೀ ನಿಲ್ಲುವ ಗಾಡಿಗೆ ಇದು ಇನ್ನೂ ಬೇಗ ಆಗುತ್ತದೆ. ಸವೆತ ಕಣ್ಣಿಗೆ ಕಾಣುತ್ತದೆ, ಗಡುಸು ಕಾಣುವುದಿಲ್ಲ. ಹಿರಿಯರೇ, ನಾನು ಬಿಚ್ಚಿಸಿ ಹಾಕಿದ್ದು ನಾಲ್ಕು ಮಿಲಿಮೀಟರ್ ಕಚ್ಚನ್ನಲ್ಲ, ಹಿಡಿತ ಕಳಕೊಂಡ ರಬ್ಬರನ್ನು. ತಪ್ಪು ಮಾಡಿದ್ದೆ ಅನ್ನುವುದಾದರೆ, ಅದನ್ನು ಎರಡು ವರ್ಷ ಮೊದಲೇ ಬಿಚ್ಚಿಸದೆ ಇದ್ದದ್ದು.

ಟ್ಯಾಕ್ಸಿ ಓಡಿಸುವ ಗೆಳೆಯರ ಆಕ್ಷೇಪ ಬೇರೆ. "ಎಂಬತ್ತು ಸಾವಿರ ಬರೋ ಟೈರು ಬಿಟ್ಟು ನಲವತ್ತೈದು ಸಾವಿರ ಬರೋದು ಯಾಕಣ್ಣ?" ಅವರ ದುಡಿಮೆಗೆ ಅವರ ಲೆಕ್ಕ ಸರಿಯಿರಬಹುದು. ನನ್ನ ಗಾಡಿ ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡುತ್ತದೆ. ಎಂಬತ್ತು ಸಾವಿರದ ಟೈರು ಸವೆಯುವುದಕ್ಕೆ ಹತ್ತು ವರ್ಷ ಬೇಕು, ಅಷ್ಟರೊಳಗೆ ಅದು ಮೇಲೆ ಹೇಳಿದ ಕೊರಡಾಗಿರುತ್ತದೆ. ಕಚ್ಚಿರುವ ಮುದಿ ಟೈರಿಗೆ ಮತ್ತೆ ಹೋಗಿ ನಿಂತಂತಾಯಿತು. ಜೊತೆಗೆ, ಬಾಳಿಕೆ ಮತ್ತು ಒದ್ದೆ ಹಿಡಿತ ಎರಡನ್ನೂ ಒಂದೇ ಬೆಲೆಯಲ್ಲಿ ಪೂರ್ತಿ ಕೊಡುವ ರಬ್ಬರು ಸಿಗುವುದು ಕಷ್ಟ. ಒಂದನ್ನು ಏರಿಸಿದರೆ ಇನ್ನೊಂದನ್ನು ಸ್ವಲ್ಪವಾದರೂ ಬಿಟ್ಟುಕೊಡಬೇಕಾಗುತ್ತದೆ.

ಬಿಟ್ಟುಕೊಡುವುದು ಎಂದರೆ ಎಷ್ಟು ಅಂತ ಕೇಳಿದವರಿಗೆ ಒಂದು ಲೆಕ್ಕ. ಎನ್‌ಎಚ್-48ರಲ್ಲಿ ಎಂಬತ್ತರಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಇಪ್ಪತ್ತೆರಡು ಮೀಟರ್ ಸರಿಯುತ್ತದೆ. ಟೈರು–ರಸ್ತೆಯ ಘರ್ಷಣೆ 0.8 ಇದ್ದರೆ ಬ್ರೇಕ್ ಹತ್ತಿದ ಮೇಲೆ ಸುಮಾರು 31 ಮೀಟರಿನಲ್ಲಿ ನಿಲ್ಲುತ್ತದೆ. 0.5ಕ್ಕೆ ಇಳಿದರೆ 50 ಮೀಟರ್ ಬೇಕು. ಹತ್ತೊಂಬತ್ತು ಮೀಟರ್ ಹೆಚ್ಚು ಅಂತ ಬಾಯಲ್ಲಿ ಹೇಳಿದರೆ ಏನೂ ಅನ್ನಿಸುವುದಿಲ್ಲ. ಇದನ್ನೇ ತಿರುಗಿಸಿ ನೋಡಿ: ಮೊದಲ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ ಐವತ್ತು ಕಿಲೋಮೀಟರ್ ಹತ್ತಿರದ ವೇಗದಲ್ಲಿರುತ್ತದೆ. ಎರಡೂ ಅಂಕಿಗಳನ್ನು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡಿದ್ದೇನೆ. ಎಲ್ಲ ಗಟ್ಟಿ ಟೈರೂ ಇಷ್ಟು ಕೆಳಗೆ ಇಳಿಯುತ್ತದೆ ಅಂತಲ್ಲ. ಆದರೆ ಅಕ್ಟೋಬರ್–ನವೆಂಬರಿನಲ್ಲಿ ನಮ್ಮ ರಸ್ತೆಗಳ ಅಂಚಿನಲ್ಲಿ ಮೆಕ್ಕೆಜೋಳ ಒಣಹಾಕಿರುತ್ತಾರೆ, ಕಾಳು ಡಾಂಬರಿಗೆ ಚೆಲ್ಲಿರುತ್ತದೆ, ಅದರ ಮೇಲೊಂದು ಅಕಾಲದ ಮಳೆ. ಅಂಥ ಸಂಜೆ ದೊಡ್ಡಬಾತಿಯ ಹತ್ತಿರ ಬ್ರೇಕ್ ಹಾಕಿದವರಿಗೆ ಹತ್ತೊಂಬತ್ತು ಮೀಟರ್ ಅಂದರೇನು ಅಂತ ಗೊತ್ತು.

ಇನ್ನು ಹುಡುಗರ ತಕರಾರು. "ಜಿಟಿ ಅಂತೀರಿ, ಹದಿನೈದು ಇಂಚಿನ ರಿಮ್ಮಲ್ಲೇ ಇದ್ದೀರಿ. ಹದಿನೇಳು ಹಾಕ್ಸ್ರಿ, 205/40, ಗಾಡಿ ಹೆಂಗೆ ಕೂರ್ತೈತಿ ನೋಡ್ರಿ." ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಅಳತೆಯ ಅಂಕಿಗಳನ್ನು ಬಿಡಿಸಿ. 185/60ರಲ್ಲಿ ಟೈರಿನ ಪಕ್ಕೆಯ ಎತ್ತರ 185ರ ಶೇ. 60, ಅಂದರೆ 111 ಮಿಲಿಮೀಟರ್. 205/40ರಲ್ಲಿ ಅದು 82. ಗುಂಡಿಯ ಅಂಚಿಗೂ ಅಲಾಯ್ ರಿಮ್ಮಿಗೂ ನಡುವೆ ಇರುವ ಮೆತ್ತೆಯಲ್ಲಿ ಮೂರು ಸೆಂಟಿಮೀಟರ್ ಹೋಯಿತು. ಹರಿಹರದ ಒಳಗಿನ ಹಳೆಯ ಪಿ.ಬಿ. ರಸ್ತೆಯಲ್ಲಿ, ಪೈಪಿಗೆಂದು ಅಗೆದು ಮುಚ್ಚಿದ ದಾವಣಗೆರೆಯ ಬೀದಿಗಳಲ್ಲಿ ಆ ಮೂರು ಸೆಂಟಿಮೀಟರೇ ರಿಮ್ಮನ್ನು ಕಾಯುವುದು. ಒಮ್ಮೆ ಪಕ್ಕೆಯ ದಾರ ಕಡಿದು ಬುಗುಟು ಎದ್ದರೆ ಆ ಟೈರು ಮುಗಿಯಿತು, ಅದನ್ನು ರಿಪೇರಿ ಮಾಡುವ ಪಂಚರ್ ಅಂಗಡಿ ಇಲ್ಲ. ಅಗಲವಾದರೆ ಹಿಡಿತ ಹೆಚ್ಚು ಅನ್ನುವುದೂ ಒಣ ರಸ್ತೆಗೆ ತಕ್ಕಮಟ್ಟಿಗೆ ನಿಜ. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಬೇಗ ತೇಲುತ್ತದೆ. ಭಾರದ ರಿಮ್ಮು ಹಳೆಯ ಶಾಕ್ ಅಬ್ಸಾರ್ಬರಿನ ಕೆಲಸವನ್ನೂ ಹೆಚ್ಚಿಸುತ್ತದೆ.

ಇದಕ್ಕೆ ತದ್ವಿರುದ್ಧವಾಗಿ 185/65 ಆರ್15 ಹಾಕಿಸಿ, ಗಾಡಿ ಮೇಲೇಳುತ್ತದೆ ಎಂದವರಿದ್ದಾರೆ. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಸಿಗುವ ಲಾಭ ಒಂಬತ್ತು ಮಿಲಿಮೀಟರ್ ಎತ್ತರ. ಕೊಡುವುದು ಶೇ. 3ರಷ್ಟು ದೊಡ್ಡ ಚಕ್ರ, ಅಷ್ಟೇ ಮಂದವಾದ ಎಳೆತ. ವೆಂಟೊ, ರ್ಯಾಪಿಡ್‌ಗಳಿಗೂ 185/60 ಆರ್15 ಬಂದಿದ್ದರಿಂದ ಆ ಅಳತೆ ಊರಿನಲ್ಲಿ ಸಿಗದೆ ಇರುವುದಿಲ್ಲ. ಸಿಗುವಾಗ ಬೇರೆಯದಕ್ಕೆ ಕಾರಣ ನನಗೆ ಕಾಣುತ್ತಿಲ್ಲ.

"ನಿಮ್ಮ ಗಾಡಿಗೆ ಇಎಸ್‌ಪಿ ಐತಿ, ಎಬಿಎಸ್ ಐತಿ, ಟೈರ್ ಯಾವುದಾದ್ರೇನು?" ಈ ಎರಡೂ ಹಿಡಿತವನ್ನು ಹಂಚುತ್ತವೆಯೇ ಹೊರತು ಹುಟ್ಟಿಸುವುದಿಲ್ಲ. ಮಲೇಬೆನ್ನೂರಿನ ರಸ್ತೆಯಲ್ಲಿ ಎರಡೂ ಕೆಲಸ ಮಾಡುತ್ತಲೇ ಇದ್ದವು.

ಎರಡೇ ಹೊಸ ಟೈರು ಹಾಕಿಸಿ, ಎಂಜಿನ್ನೂ ಸ್ಟಿಯರಿಂಗೂ ಮುಂದಿರುವುದರಿಂದ ಅವನ್ನು ಮುಂದಕ್ಕೇ ಹಾಕಿಸಿ ಎಂಬ ಸಲಹೆಯನ್ನು ಅಂಗಡಿಯವರೂ ಕೊಟ್ಟರು. ಕೇಳುವುದಕ್ಕೆ ಸರಿ ಅನ್ನಿಸುವ ಮಾತು, ಮುಂದಿನವು ಬೇಗ ಸವೆಯುವುದೂ ಹೌದು. ಆದರೆ ಮುಂದೆ ಹಿಡಿತ ತಪ್ಪಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಹೆಚ್ಚಾಗಿ ಮತ್ತೆ ಹಿಡಿಯುತ್ತದೆ. ಹಿಂದೆ ತಪ್ಪಿದರೆ ಬಾಲ ಮುಂದಕ್ಕೆ ಬರುತ್ತದೆ; ಗಾಬರಿಯಲ್ಲಿ ಕಾಲು ತೆಗೆದರೆ ಇನ್ನೂ ಜೋರಾಗಿ ತಿರುಗುತ್ತದೆ. ಮನೆಯಲ್ಲಿ ಈ ಗಾಡಿಯನ್ನು ಮಗಳೂ ಓಡಿಸುತ್ತಾಳೆ. ಎರಡೇ ಕೊಳ್ಳುವ ಶಕ್ತಿಯಿದ್ದರೆ ಹೊಸವು ಹಿಂದಕ್ಕೆ ಹೋಗಲಿ. ಎಂಟು–ಹತ್ತು ಸಾವಿರಕ್ಕೊಮ್ಮೆ ಮುಂದಿನವನ್ನು ಹಿಂದಕ್ಕೆ ಬದಲಿಸುತ್ತ ಬಂದರೆ ನಾಲ್ಕೂ ಒಟ್ಟಿಗೆ ಮುಗಿಯುತ್ತವೆ, ಈ ಪ್ರಶ್ನೆಯೇ ಬರುವುದಿಲ್ಲ.

ಬೇಸಿಗೆಯಲ್ಲಿ ಟೈರು ಒಡೆಯದಿರಲೆಂದು ಗಾಳಿ ಕಮ್ಮಿ ಹಾಕಿಸುವ ರೂಢಿಯನ್ನು ನಾನು ಬೈದಿದ್ದಕ್ಕೆ ಮೂವರು ಸಿಟ್ಟಾಗಿದ್ದಾರೆ. ನೆರೆಹೊರೆಯವರೇ ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ತಣ್ಣಗಿದ್ದಾಗ 32 ಇರುವ ಗಾಳಿ ಟೈರು ಮೂವತ್ತು ಡಿಗ್ರಿ ಹೆಚ್ಚು ಬಿಸಿಯಾದಾಗ 36–37 ಆಗುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಗರಿಷ್ಠ ಮಿತಿ ಅದಕ್ಕಿಂತ ಮೇಲೇ ಇರುತ್ತದೆ. ಟೈರನ್ನು ಒಡೆಯುವುದು ಆ ನಾಲ್ಕೈದು ಅಂಕಿ ಅಲ್ಲ. ಗಾಳಿ ಕಮ್ಮಿಯಾದಾಗ ಪಕ್ಕೆ ಸುತ್ತುಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ, ಪದರ ಬಿಡುತ್ತದೆ. ಮಳೆಗಾಲದಲ್ಲಿ ಗಾಳಿ ಇಳಿಸುವವರಿಗೂ ಒಂದು ಮಾತು: ವಿಮಾನದ ಚಕ್ರಗಳ ಮೇಲೆ ನಾಸಾ ಮಾಡಿದ ಪ್ರಯೋಗಗಳಿಂದ ಬಂದ ಸೂತ್ರದಂತೆ, ಕಚ್ಚು ಸವೆದ ಟೈರು ನಿಂತ ನೀರಿನ ಮೇಲೆ ತೇಲಲು ತೊಡಗುವ ವೇಗ ಗಾಳಿಯ ಒತ್ತಡದ ಜೊತೆ ಏರುತ್ತದೆ. 33ರಲ್ಲಿ ಗಂಟೆಗೆ ಸುಮಾರು 96 ಕಿಲೋಮೀಟರ್, 24ರಲ್ಲಿ ಸುಮಾರು 82. ಪೋಲೊದಲ್ಲಿ ಗಾಳಿಯ ಪಟ್ಟಿ ಪೆಟ್ರೋಲ್ ಮುಚ್ಚಳದ ಒಳಮೈಗೆ ಅಂಟಿಸಿದೆ. ಅದರಲ್ಲಿರುವಷ್ಟೇ, ಬೆಳಗ್ಗೆ ಗಾಡಿ ತಣ್ಣಗಿರುವಾಗ. ಸಾದಾ ಗಾಳಿ ಸಾಕು.

ವಿದೇಶಿ ಟೈರೇ ಬೇಕು ಎಂದವರಿಗೆ ಸಂಕ್ಷೇಪವಾಗಿ: 2020ರ ಜೂನ್‌ನಿಂದ ಆಮದಿಗೆ ನಿರ್ಬಂಧ ಬಂದ ಮೇಲೆ ಹಳೆಯ ಅಳತೆಗಳಲ್ಲಿ ಆಯ್ಕೆ ಕಿರಿದಾಗಿದೆ. ಆದರೆ ಬ್ರಿಡ್ಜ್‌ಸ್ಟೋನ್, ಯೊಕೊಹಾಮಾದಂಥ ಹೆಸರುಗಳೂ ಇಲ್ಲೇ ತಯಾರಿಸುತ್ತವೆ. ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆಕೆಯ ಕೈಗೆ ಹೋಗಿ ಇವತ್ತಿಗೂ ಟೈರು ಮಾಡುತ್ತಿದೆ. ಹೆಸರಿಗಿಂತ ಮೊದಲು ವಾರ–ವರ್ಷದ ಅಂಕಿ ನೋಡಿ. ಗೋದಾಮಿನಲ್ಲಿ ಎರಡು ವರ್ಷ ಕೂತ ದೊಡ್ಡ ಹೆಸರಿಗಿಂತ ಎರಡು ತಿಂಗಳ ಹಿಂದಿನ ಸಾಧಾರಣ ಹೆಸರು ನನಗೆ ಇಷ್ಟ.

ಕೊನೆಯ ಪತ್ರ ಹೊನ್ನಾಳಿಯ ಒಬ್ಬ ತಮ್ಮನದು. ಅವನದು ಆಕ್ಷೇಪವಲ್ಲ. ಈಗಷ್ಟೇ ಹಳೆಯ ಜಿಟಿ ಕೊಂಡಿದ್ದಾನೆ, ಕೈಯಲ್ಲಿ ದುಡ್ಡಿಲ್ಲ, ಸೆಕೆಂಡ್ ಹ್ಯಾಂಡ್ ಟೈರು ಒಂದು ಜೊತೆ ಕಮ್ಮಿಗೆ ಸಿಗುತ್ತಿದೆ, ತಗೊಳ್ಳಲೇ ಎಂದು ಕೇಳಿದ್ದಾನೆ. ಬೇಡ ತಮ್ಮಾ. ಯಾರ ಗುಂಡಿಗೆ ಬಿದ್ದದ್ದೋ, ಎಷ್ಟು ದಿನ ಗಾಳಿಯಿಲ್ಲದೆ ಓಡಿದ್ದೋ ಹೊರಗಿನಿಂದ ಕಾಣುವುದಿಲ್ಲ. ಸದ್ಯಕ್ಕೆ ಗಾಡಿಯಲ್ಲಿರುವುದರ ವಯಸ್ಸು ಮೊದಲು ತಿಳಿಯಲಿ. ಹೊರಪಕ್ಕೆಯಲ್ಲಿ ಆ ನಾಲ್ಕು ಅಂಕಿ ಸಿಗದಿದ್ದರೆ ಇಲ್ಲ ಅಂದುಕೊಳ್ಳಬೇಡ, ಎಷ್ಟೋ ಸಲ ಒಳಪಕ್ಕೆಗೆ ಬಿದ್ದಿರುತ್ತದೆ. ಭಾನುವಾರ ಬೆಳಗ್ಗೆ ಹರಿಹರಕ್ಕೆ ಬಾ, ಜಾಕ್ ನನ್ನ ಹತ್ತಿರ ಇದೆ. ಬರುವಾಗ ನಿಧಾನ, ರಸ್ತೆಯುದ್ದಕ್ಕೂ ಮೆಕ್ಕೆಜೋಳ ಹರವಿದ್ದಾರೆ.