ಗಾಡಿ ಮನೇಲಿ ಬಿಟ್ಟು ಬರ್ರಿ

"ಬೆಣ್ಣೆ ದೋಸೆ ತಿಂದ್ವಿ, ಹೊರಟ್ವಿ." ನಮ್ಮೂರಿಗೆ ಬಂದು ಹೋದವರ ಬಾಯಲ್ಲಿ ನಾನು ಹೆಚ್ಚು ಸಲ ಕೇಳಿರೋ ಮಾತು ಇದು. ಹೈವೇ ಬಿಟ್ಟು ಒಳಗೆ ಬರೋದು, ಹೋಟೆಲ್ ಮುಂದೆ ಕಾರು ನಿಲ್ಲಿಸೋದು, ತಿಂದು ಫೋಟೊ ತೆಗೆದು ಮತ್ತೆ ಹೈವೇ ಹಿಡಿಯೋದು. ದಾವಣಗೆರೆಯಲ್ಲಿ ನೋಡೋಕೆ ಏನಿದೆ ಅಂತ ಕೇಳಿದರೆ ಇಲ್ಲೇ ಹುಟ್ಟಿ ಬೆಳೆದವರೂ ತಲೆ ಕೆರೆದುಕೊಳ್ಳುತ್ತಾರೆ. ನೋಡೋಕಿದೆ ಸ್ವಾಮಿ, ಆದರೆ ಬೈಕಿನ ಮೇಲೆ ಕೂತು ಹೋದರೆ ಕಾಣೋದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಕಾಲ್ನಡಿಗೆಯದ್ದು. ಶನಿವಾರ ದಾವಣಗೆರೆ, ಭಾನುವಾರ ಹರಿಹರ. ಜೊತೆಗೆ 62 ವರ್ಷದ ನಮ್ಮವ್ವ.

ಈ ಹುಚ್ಚು ತಲೆಗೆ ಹತ್ತಿದ್ದು ಆಫೀಸಿನ ಗೆಳತಿಯಿಂದ. ಅವಳು ಮೆಕ್ಸಿಕೊ ದೇಶದ ಪ್ಲಾಯಾ ದೆಲ್ ಕಾರ್ಮೆನ್ ಅನ್ನೋ ಕಡಲತೀರದ ಊರಿಗೆ ಹೋಗಿ ಬಂದಳು. ಒಂದು ಕಾಲಕ್ಕೆ ಮೀನುಗಾರರ ಹಳ್ಳಿ, ಈಗ ರೆಸಾರ್ಟ್‌ಗಳ ಊರು. ಸಮುದ್ರದ ಬಗ್ಗೆ ಎರಡು ಮಾತು ಹೇಳಿ, ಅರ್ಧ ಗಂಟೆ ಹೇಳಿದ್ದು ಅಲ್ಲಿನ ಒಂದು ಬೀದಿಯ ಬಗ್ಗೆ. ಹೆಸರು ಐದನೇ ಅವೆನ್ಯೂ. ಕಡಲಿನ ಪಕ್ಕಪಕ್ಕದಲ್ಲೇ ಸಾಗುವ ಆ ಬೀದಿ ನಡೆಯುವವರಿಗೇ ಮೀಸಲು. ಅಜ್ಜ ಅಜ್ಜಿಯರು, ಕೂಸು ಎತ್ತಿಕೊಂಡವರು, ಐಸ್‌ಕ್ರೀಮ್ ತಿನ್ನುವ ಮಕ್ಕಳು, ಎಲ್ಲರೂ ಬೀದಿಯ ನಟ್ಟನಡುವೆ ನಡೆದು ಊರು ನೋಡುತ್ತಾರಂತೆ. ನಮ್ಮಲ್ಲಿ ನಡೆದು ಹೋಗುವವರನ್ನು ಕಂಡರೆ "ಯಾಕ್ರಿ, ಗಾಡಿ ಕೆಟ್ಟೈತಾ?" ಅಂತ ಕೇಳ್ತಾರೆ!

ಶನಿವಾರ: ಹಳೇ ಪೇಟೆ

ದಾವಣಗೆರೆಯನ್ನು ರೈಲು ಹಳಿ ಎರಡು ಭಾಗ ಮಾಡಿದೆ. ಒಂದು ಕಡೆ ಹಳೇ ದಾವಣಗೆರೆ: ಮಂಡಿಪೇಟೆ, ಚೌಕಿಪೇಟೆ, ಗಡಿಯಾರ ಕಂಬ, ದುಗ್ಗಮ್ಮನ ಗುಡಿ. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂ.ಸಿ.ಸಿ., ವಿದ್ಯಾನಗರ. ಹೊಸ ಭಾಗದ ರಸ್ತೆ ಅಗಲ, ಮರದ ನೆರಳೂ ಅಲ್ಲಲ್ಲಿ ಉಂಟು. ಆದರೆ ಕಥೆ ಇರೋದು ಹಳೇ ಪೇಟೆಯಲ್ಲಿ.

ಬೆಳಿಗ್ಗೆ ಆರೂವರೆಗೆ ಹೊರಟರೆ ಮಂಡಿಪೇಟೆಯ ಅಂಗಡಿಗಳ ಬಾಗಿಲು ಒಂದೊಂದಾಗಿ ತೆಗೆಯೋದು ನೋಡಬಹುದು. ಲಾರಿಯಿಂದ ಮೂಟೆ ಇಳಿಯುತ್ತಿರುತ್ತದೆ, ಹಮಾಲರು ಚಹಾ ಕುಡಿಯುತ್ತಿರುತ್ತಾರೆ, ಒಣಮೆಣಸಿನಕಾಯಿ ಘಾಟಿಗೆ ನಿಮಗೆ ಎರಡು ಸೀನು ಬರುತ್ತವೆ. ಈ ವ್ಯಾಪಾರಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಬೇರಿದೆ. ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿಯು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಾಗೀರು ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆ ನಿಲ್ಲಿಸಿದ. ಎತ್ತಿನ ಗಾಡಿ, ತಲೆಹೊರೆ, ಕಾಲ್ನಡಿಗೆಯ ಕಾಲದಲ್ಲಿ ಬೆಳೆದ ಬೀದಿಗಳು ಇವು. ಅದಕ್ಕೇ ಇಷ್ಟು ಕಿರಿದು. ಇಲ್ಲಿ ಕಾರು ತಂದವರು ಬೀದಿಯನ್ನು ಬೈಯುತ್ತಾರೆ. ಬೀದಿಯದೇನು ತಪ್ಪು?

ಅಲ್ಲಿಂದ ದುಗ್ಗಮ್ಮನ ಗುಡಿ. ದುರ್ಗಾಂಬಿಕೆ ಅಂತ ಬೋರ್ಡಿನಲ್ಲಿ ಬರೆದರೂ ಊರಿನವರ ಬಾಯಲ್ಲಿ ಆಕೆ ದುಗ್ಗಮ್ಮನೇ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಆಗ ಈ ಬೀದಿಗಳಲ್ಲಿ ಗಾಡಿಗೆ ಜಾಗವೇ ಇರಲ್ಲ, ಇಡೀ ಊರು ಕಾಲಿನ ಮೇಲೆ ಇರುತ್ತದೆ.

ಹೊಟ್ಟೆ ಚುರುಗುಟ್ಟಿದರೆ ದೋಸೆ. ಅದರದ್ದೂ ಒಂದು ನಡೆದು ಬಂದ ಕಥೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ಹೆಣ್ಣುಮಗಳು ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕೋಕೆ ಶುರು ಮಾಡಿದರಂತೆ. ಮುಂದೆ ಅವರ ಮಕ್ಕಳ ಕಾಲಕ್ಕೆ ಅದು ಇವತ್ತಿನ ಬೆಣ್ಣೆ ದೋಸೆ ಆಯಿತು. ಹಂಚಿನ ಮುಂದೆ ಬೆಣ್ಣೆ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಸಂಜೆಗಾದರೆ ಮಂಡಕ್ಕಿ ಮಿರ್ಚಿ ಇದ್ದೇ ಇದೆ. ನಿಮಗೆ ಪುರುಸೊತ್ತಿದ್ದರೆ ಮಂಡಕ್ಕಿ ಭಟ್ಟಿಗಳ ಕಡೆಗೂ ಹೋಗಿ. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳೋದನ್ನು ಕಣ್ಣಾರೆ ನೋಡಿದ ಮೇಲೆ ಹತ್ತು ರೂಪಾಯಿ ಪೊಟ್ಟಣಕ್ಕೆ ಬೇರೆ ಬೆಲೆ ಬರುತ್ತದೆ. ಆ ಕಾವಿನ ಮುಂದೆ ದಿನವಿಡೀ ನಿಲ್ಲುವವರ ಬೆವರಿನ ಬೆಲೆ ಅದು.

ಇನ್ನು ಮಿಲ್ಲುಗಳು. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿದ್ದ ಊರಿದು. ನಮ್ಮಜ್ಜ ಹತ್ತಿ ಮಿಲ್ಲಿನಲ್ಲಿ ಪಾಳಿ ಮಾಡುತ್ತಿದ್ದರು. ಸೈರನ್ ಕೂಗಿದರೆ ಮನೆ ಬಿಡೋದು, ಮತ್ತೆ ಕೂಗಿದರೆ ಮಿಲ್ಲಿನಿಂದ ಹೊರಡೋದು. ಕೆಲಸ, ಸಂತೆ, ಗುಡಿ, ಸಿನಿಮಾ ಎಲ್ಲವೂ ನಡೆದು ಮುಟ್ಟುವಷ್ಟು ದೂರ. ಮಿಲ್ಲುಗಳು ಒಂದೊಂದಾಗಿ ನಿಂತವು. ಅಜ್ಜನಿಗೆ ಕಾಲು ದಾರಿಯಾಗಿದ್ದ ಊರು ಈಗ ಅಷ್ಟೇ ದೂರಕ್ಕೂ ಸ್ಕೂಟಿ ಬೇಡುತ್ತದೆ.

ಇಲ್ಲಿ ಅವ್ವನ ವಿಷಯ ಹೇಳಬೇಕು. ಐದಾರು ವರ್ಷದ ಹಿಂದಿನವರೆಗೂ ಅವ್ವ ಒಬ್ಬಳೇ ಮಂಡಿಪೇಟೆಗೆ ನಡೆದು ಹೋಗಿ ಬೇಳೆ, ಬೆಲ್ಲ ತರುತ್ತಿದ್ದಳು. ಈಗ ನಮ್ಮ ಬೀದಿಯ ಕೊನೆ ದಾಟೋದಿಲ್ಲ. ಮಂಡಿ ನೋವು ಅಂತ ನಾವೆಲ್ಲ ತಿಳಿದಿದ್ವಿ. ಶನಿವಾರ ಒಂದು ಸರ್ಕಲ್ ಹತ್ತಿರ ರಸ್ತೆ ದಾಟೋಕೆ ನಿಂತಿದ್ವಿ. ಫುಟ್‌ಪಾತ್ ಮೇಲೆ ಸಾಲಾಗಿ ಬೈಕು, ಪಕ್ಕದಲ್ಲಿ ಚರಂಡಿಯ ಒಡೆದ ಕಲ್ಲು, ಎದುರಿಗೆ ಎಡಬಲ ನೋಡದೆ ನುಗ್ಗುವ ಆಟೊ. ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

"ಮಂಡಿ ನೋಯಾಕತ್ತೈತೇನವ್ವ?" ಅಂದೆ.

"ಕಾಲು ನೋಯಲ್ಲೋ ತಮ್ಮ, ಜೀವ ಹೆದರತೈತಿ."

ಮಂಡಿ ನೋವಿಗೆ ಎಣ್ಣೆ, ಮಾತ್ರೆ, ಬೆಲ್ಟು ಎಲ್ಲಾ ತಂದಿದ್ದೀವಿ. ಈ ಹೆದರಿಕೆಗೆ ಯಾವ ಮೆಡಿಕಲ್ ಶಾಪ್‌ನಲ್ಲೂ ಔಷಧಿ ಇಲ್ಲ. ಒಂದು ಊರಲ್ಲಿ ವಯಸ್ಸಾದ ಹೆಣ್ಣುಮಕ್ಕಳು ಎಲ್ಲಿಯವರೆಗೆ ಒಬ್ಬರೇ ನಡೆದು ಹೋಗುತ್ತಾರೋ ಅವರ ಪಾಲಿನ ಊರು ಅಷ್ಟೇ. ನಮ್ಮವ್ವನ ದಾವಣಗೆರೆ ಈಗ ಒಂದು ಬೀದಿಯಷ್ಟಾಗಿದೆ.

ಹಾಗಂತ ಊರವರಿಗೆ ನಡೆಯುವ ಆಸೆ ಇಲ್ಲ ಅಂತಲ್ಲ. ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಹೋಗಿ ನೋಡಿ, ವಾಕಿಂಗ್ ಮಾಡುವವರ ದಂಡೇ ಇರುತ್ತದೆ. ಊರಿಗೆ ಕುಡಿಯೋ ನೀರು ಕೊಡುವ ಕೆರೆ, ಹತ್ತಿರದಲ್ಲೇ ಗಾಜಿನ ಮನೆ, ಚೆಂದದ ಜಾಗ. ಆದರೆ ಅಲ್ಲಿಗೆ ಬರೋದು ಬಹಳಷ್ಟು ಜನ ಬೈಕು, ಕಾರಿನಲ್ಲಿ. ನಡೆಯೋಕೆ ಗಾಡಿ ಹತ್ತಿ ಹೋಗುವ ಊರಾಗಿದ್ದೇವೆ.

ಭಾನುವಾರ: ಹೊಳೆ ದಂಡೆ

ಹರಿಹರ ಇಲ್ಲಿಂದ ಸುಮಾರು 14 ಕಿಲೋಮೀಟರ್. ಬಸ್ಸುಗಳಿಗೆ ಲೆಕ್ಕವಿಲ್ಲ, ರೈಲೂ ಇದೆ. ಇಳಿದ ಮೇಲೆ ಎಲ್ಲವೂ ನಡಿಗೆಯ ದೂರ.

ಮೊದಲು ಹರಿಹರೇಶ್ವರ. ಗುಹಾಸುರ ಅನ್ನೋ ರಾಕ್ಷಸ ಹರಿಯಿಂದಲೂ ಸಾಯಬಾರದು, ಹರನಿಂದಲೂ ಸಾಯಬಾರದು ಅಂತ ವರ ಪಡೆದನಂತೆ. ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಮುಗಿಸಿದರು ಅನ್ನೋದು ಸ್ಥಳಪುರಾಣ. ಮೂರ್ತಿಯೂ ಹಾಗೇ, ಅರ್ಧ ಶಿವ, ಅರ್ಧ ವಿಷ್ಣು. ಗುಡಿಯನ್ನು 1224ರಲ್ಲಿ ಕಟ್ಟಿಸಿದ್ದು ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಂಟಪದ ಕಂಬಗಳು. ತಿರುಗಣೆಗೆ ಕೊಟ್ಟು ಕಡೆದ ಹಾಗೆ ದುಂಡು, ನುಣುಪು. ಎಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಒಂದು ಕಬ್ಬಿಣದ ತುಂಡನ್ನು ನೆಟ್ಟಗೆ ಉರುಟು ಮಾಡೋಕೆ ನಾವು ಪಟ್ಟ ಪಾಡು ನೆನಪಾಯಿತು. ಇದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು, ಅಲ್ಲಿ ತಯಾರಾಗುತ್ತಿದ್ದುದೂ ಲೇಥ್‌ಗಳೇ! ಏಳುನೂರು ವರ್ಷದ ಅಂತರದಲ್ಲಿ ಒಂದೇ ಊರು ಕಲ್ಲನ್ನೂ ದುಂಡು ಮಾಡಿತು, ಕಬ್ಬಿಣವನ್ನು ದುಂಡು ಮಾಡುವ ಯಂತ್ರವನ್ನೂ ಮಾಡಿತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ನಿಂತುಹೋಯಿತು. ಗುಡಿಯ ಕಂಬ ನಿಂತೇ ಇದೆ.

ನಾನು ಕಂಬ ಸವರುತ್ತಾ ನಿಂತಿದ್ದಾಗ ಅವ್ವ ಗುಡಿಯ ಸುತ್ತ ಪ್ರದಕ್ಷಿಣೆ ಹೊರಟಿದ್ದಳು. ಒಂದಲ್ಲ, ಐದು ಸುತ್ತು. ಯಾರ ಕೈಯನ್ನೂ ಹಿಡಿದಿರಲಿಲ್ಲ. ಸಮತಟ್ಟಾದ ಕಲ್ಲು ಹಾಸು, ಹಾರ್ನ್ ಇಲ್ಲ, ಹಿಂದಿನಿಂದ ಯಾರೂ ಬಂದು ಗುದ್ದುವುದಿಲ್ಲ ಅನ್ನೋ ಧೈರ್ಯ. ಇಷ್ಟು ಸಿಕ್ಕರೆ 62 ವರ್ಷದ ಮಂಡಿಯೂ ನಡೆಯುತ್ತದೆ.

ಅಲ್ಲಿಂದ ಹೊಳೆ. ಮಳೆಗಾಲದಲ್ಲಿ ತುಂಗಭದ್ರೆ ದಂಡೆ ತುಂಬಾ ಕೆಂಪಗೆ ಹರಿಯುತ್ತಾಳೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಗೆರೆ. 1868ರಲ್ಲಿ ಇಲ್ಲಿ ಹೊಳೆಗೆ ಅಡ್ಡಲಾಗಿ 14 ಕಮಾನಿನ ಸೇತುವೆ ಕಟ್ಟಿದ್ದರು. ಆಗ ಈ ದಡ ಮೈಸೂರು, ಆ ದಡ ಮುಂಬೈ ಪ್ರಾಂತ್ಯ. 1956ರ ನವೆಂಬರ್ 1ರವರೆಗೂ ಹೊಳೆಯೇ ಗಡಿ. ಎರಡೂ ಕಡೆ ಕನ್ನಡವೇ, ಸರ್ಕಾರ ಮಾತ್ರ ಬೇರೆ. ಈಗ ಆಚೆ ದಡ ಹಾವೇರಿ ಜಿಲ್ಲೆ. ಮೆಟ್ಟಿಲ ಮೇಲೆ ಕೂತು ನೋಡುವಾಗ ಪ್ಲಾಸ್ಟಿಕ್ಕು, ಪೂಜೆಯ ಹೂವು, ಹಳೇ ಬಟ್ಟೆ ಎಲ್ಲವೂ ನೀರಿನಲ್ಲಿ ಕಾಣುತ್ತವೆ. ಹತ್ತಿರದ ರಾಜನಹಳ್ಳಿಯಿಂದ ದಾವಣಗೆರೆಯ ನಲ್ಲಿಗಳಿಗೆ ಬರೋದೂ ಇದೇ ಹೊಳೆಯ ನೀರು. ಸೇತುವೆ ಮೇಲೆ ಕಾರಿನಲ್ಲಿ ಭರ್ರನೆ ಹೋಗುವವರಿಗೆ ಇದು ಕಾಣೋದಿಲ್ಲ, ಮೂಗಿಗೂ ಬಡಿಯೋದಿಲ್ಲ.

ಹೊರಡುವ ಮುಂಚೆ

ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಹಂಚಿನ ಹಾಗೆ, ಬರೋದಾದರೆ ಒಂಬತ್ತರೊಳಗೆ ನಡೆದು ಮುಗಿಸಿ. ಹಳೆಯ ಚಪ್ಪಲಿ, ನೀರಿನ ಬಾಟಲಿ, ಒಂದು ಟೋಪಿ ಸಾಕು. ಹರಿಹರದ ಗುಡಿಗೆ ಬೆಳಗ್ಗೆಯೇ ಹೋಗಿ. ಹೊಳೆಯಲ್ಲಿ ಮಾತ್ರ ಇಳಿಯಬೇಡಿ, ಆಳ ಮೇಲಿಂದ ಗೊತ್ತಾಗಲ್ಲ. ದಾರಿ ತಪ್ಪಿದರೆ ಮೊಬೈಲ್ ನೋಡೋ ಬದಲು ಯಾರನ್ನಾದರೂ ಕೇಳಿ. "ಬರ್ರಿ, ಆ ಕಡೆನೇ ಹೊಂಟೀನಿ" ಅಂತ ಜೊತೆಗೇ ಬರುವವರು ಇಲ್ಲಿ ಇನ್ನೂ ಇದ್ದಾರೆ.

ಕೊನೆಗೊಂದು ಕೇಳಿಕೆ. ನಮ್ಮಲ್ಲಿ ಕಡಲಿಲ್ಲ, ರೆಸಾರ್ಟಿಲ್ಲ, ಐದನೇ ಅವೆನ್ಯೂ ಬೇಕು ಅಂತಲೂ ನಾನು ಹೇಳುತ್ತಿಲ್ಲ. ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಂಡಿಪೇಟೆಯ ಒಂದೇ ಒಂದು ಬೀದಿಗೆ ಗಾಡಿ ಬಿಡದೆ ನೋಡೋಣ. ಅಂಗಡಿಯವರಿಗೆ ನಷ್ಟವಾಗಲ್ಲ. ನಿಂತು ನೋಡುವವರೇ ಕೊಳ್ಳುವವರು, ಗಾಡಿಯಲ್ಲಿ ಹೋಗುವವರು ಹೋಗೇಬಿಡುತ್ತಾರೆ. ಅಲ್ಲಿಯವರೆಗೆ ನೀವು ನಿಮ್ಮೂರಲ್ಲೇ ಒಂದು ಪರೀಕ್ಷೆ ಮಾಡಿ. ಮನೆಯಿಂದ ದಿನಸಿ ಅಂಗಡಿಯವರೆಗೆ ನಿಮ್ಮ ತಾಯಿಯ ಜೊತೆ, ಅವರ ವೇಗದಲ್ಲೇ ನಡೆಯಿರಿ. ಅವರು ಎಲ್ಲೆಲ್ಲಿ ನಿಮ್ಮ ಕೈ ಹಿಡಿದರು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ವಾರ್ಡಿನ ಸದಸ್ಯರಿಗೆ ಕೊಡಬೇಕಾದ ಅರ್ಜಿ ಅದೇ.